ಗೆಡ್ಡೆಗೆ ಮೊದಲೇ ಹೂವು: ಮದ್ದು ಬಿತ್ತನೆಯಲ್ಲಿದೆ



ಹೂವು ಕಂಡರೆ ಬೇಸಾಯಗಾರನ ಮುಖ ಅರಳುವುದು ಸಹಜ. ಅವರೆ ಹೂವಾದರೆ ಕಾಯಿಯ ಆಸೆ, ಮಾವು ಹೂವಾದರೆ ಹಣ್ಣಿನ ಆಸೆ. ಆದರೆ ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್ ಮಡಿಗಳಲ್ಲಿ ಕೊಯ್ಲಿಗೆ ಮೊದಲೇ ಹೂದಂಟು ಎದ್ದು ನಿಂತಿತೆಂದರೆ ಆ ಗಿಡದ ಲೆಕ್ಕ ಮುಗಿಯಿತೆಂದೇ ತಿಳಿಯಬೇಕು. ಗೆಡ್ಡೆ ಬೆಂಡಾಗುತ್ತದೆ, ನಾರು ಬೀಳುತ್ತದೆ, ರುಚಿ ಕೆಡುತ್ತದೆ. ಮಂಡಿಯಲ್ಲಿ ಒಂದು ಮೂಲಂಗಿ ಮುರಿದು ನೋಡಿ ಬೆಂಡು ಕಂಡವರು ಇಡೀ ಮಾಲಿಗೆ ಅದೇ ಬೆಲೆ ಕಟ್ಟುತ್ತಾರೆ. ಚೆನ್ನಾಗಿರುವ ಕಟ್ಟುಗಳಿಗೂ ಕೆಟ್ಟ ಹೆಸರು ಬರುತ್ತದೆ.

ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ ಈ ನಷ್ಟ ಮತ್ತಷ್ಟು ಭಾರ. ವೈಟ್‌ಫೀಲ್ಡ್ 1882ರಲ್ಲಿ ಹುಟ್ಟಿದ್ದೇ ಬೇಸಾಯದ ನೆಲೆಯಾಗಿ. ಆಂಗ್ಲೋ ಇಂಡಿಯನ್ ಕುಟುಂಬಗಳು ಉತ್ತು ಬಿತ್ತಿ ಬದುಕಲೆಂದು ಮೈಸೂರಿನ ಮಹಾರಾಜರು ಕೊಟ್ಟ ಭೂಮಿ ಅದು. 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಬಳಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ಇತ್ತ ಪೀಣ್ಯದ ಕಾರ್ಖಾನೆಗಳು ತುಮಕೂರು ರಸ್ತೆಯುದ್ದಕ್ಕೂ ಹಬ್ಬಿದವು. ಈಗ ವರ್ತೂರು, ಸರ್ಜಾಪುರ, ಆನೇಕಲ್, ಹೊಸಕೋಟೆ, ನೆಲಮಂಗಲಗಳ ಕಡೆ ಎಷ್ಟೋ ಕಡೆ ಉಳಿದಿರುವುದು ಗೋಡೆಗೂ ಗೋಡೆಗೂ ನಡುವೆ ಗುಂಟೆಗಳ ಲೆಕ್ಕದ ಜಮೀನು. ಅದನ್ನೂ ಹಲವರು ವರ್ಷದ ಗುತ್ತಿಗೆಗೆ ಹಿಡಿದು ಮಾಡುತ್ತಿದ್ದಾರೆ. ಆಳಿನ ಕೂಲಿ ಏರಿದೆ, ಕೊಳವೆಬಾವಿಯ ನೀರು ಆಳಕ್ಕಿಳಿದಿದೆ. ಇಂಥಲ್ಲಿ ಐವತ್ತು ದಿನದ ಒಂದು ಬೆಳೆ ಕೈಕೊಟ್ಟರೆ ಹೋಗುವುದು ಮೂಲಂಗಿ ಮಾತ್ರವಲ್ಲ; ಮುಂದಿನ ಬೆಳೆಯ ಬೀಜ ಗೊಬ್ಬರದ ಹಣವೂ ಹೋಗುತ್ತದೆ.

ಈ ತೊಂದರೆಗೆ ಹೂವು ಬಂದ ಮೇಲೆ ಸಿಂಪಡಿಸುವ ಔಷಧಿಯಿಲ್ಲ. ಯಾವ ಬೀಜ, ಯಾವ ತಿಂಗಳು, ಯಾವ ಜಾಗ, ಯಾವ ದಿನ ಕೊಯ್ಲು ಎಂಬ ನಾಲ್ಕು ತೀರ್ಮಾನಗಳಲ್ಲೇ ಇದರ ಮದ್ದು ಅಡಗಿದೆ. ಆ ನಾಲ್ಕೂ ನಿಮ್ಮ ಕೈಯಲ್ಲಿವೆ. ಮೂರನ್ನು ಬಿತ್ತುವ ಮೊದಲೇ ಮಾಡಬೇಕು.

ಗಿಡಕ್ಕೆ ಗೆಡ್ಡೆ ಏಕೆ?

ನಾವು ರೂಢಿಯಲ್ಲಿ ಗೆಡ್ಡೆ ಎನ್ನುವ ಮೂಲಂಗಿ, ಕ್ಯಾರೆಟ್‌ಗಳು ಹೆಚ್ಚಿನ ಪಾಲು ದಪ್ಪನಾದ ಬೇರುಗಳೇ. ಗಿಡ ಅದನ್ನು ತುಂಬಿಕೊಳ್ಳುವುದು ನಮ್ಮ ಸಾರಿಗಾಗಿ ಅಲ್ಲ, ತನ್ನ ಸಂತಾನಕ್ಕಾಗಿ. ಅದು ಗಿಡದ ಕಣಜ. ಎಲೆಗಳು ಬಿಸಿಲಿನಲ್ಲಿ ದುಡಿದು ಆಹಾರವನ್ನು ಕೆಳಗಿಳಿಸಿ ಕೂಡಿಡುತ್ತವೆ. ತಕ್ಕ ಕಾಲ ಬಂದಿತೆಂದು ಗಿಡಕ್ಕೆ ಸೂಚನೆ ಸಿಕ್ಕಿದೊಡನೆ ಆ ಕಣಜದ ಬಾಗಿಲು ತೆರೆಯುತ್ತದೆ. ಕೂಡಿಟ್ಟದ್ದೆಲ್ಲ ಹೂದಂಟಿಗೂ ಬೀಜಕ್ಕೂ ಏರುತ್ತದೆ. ಕಣಜ ಬರಿದಾಗುವುದನ್ನೇ ನಾವು ಬೆಂಡು ಎನ್ನುತ್ತೇವೆ. ಆದುದರಿಂದ ನಮ್ಮ ಕೆಲಸವೆಂದರೆ ಕಣಜ ತುಂಬುವವರೆಗೆ ಗಿಡಕ್ಕೆ ಆ ಸೂಚನೆ ಸಿಗದಂತೆ ನೋಡಿಕೊಳ್ಳುವುದು. ತುಂಬಿದೊಡನೆ ಕಿತ್ತು ಮಾರುವುದು.

ಸೂಚನೆಗಳು ಮುಖ್ಯವಾಗಿ ಮೂರು: ಚಳಿ, ಹಗಲಿನ ಉದ್ದ, ಕಷ್ಟ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಬೇಗ ಓಗೊಡಬೇಕೆಂಬುದು ಆಯಾ ತಳಿಯ ಹುಟ್ಟುಗುಣ.

ಮೊದಲು ಚಳಿಯನ್ನು ನೋಡೋಣ. ಕ್ಯಾರೆಟ್ ಮತ್ತು ಬೀಟ್‌ರೂಟ್ ಮೂಲತಃ ಎರಡು ವರ್ಷದ ಬೆಳೆಗಳು. ಮೊದಲ ಹಂಗಾಮಿನಲ್ಲಿ ಗೆಡ್ಡೆ ಕಟ್ಟಿ, ಚಳಿಗಾಲ ಕಳೆದು, ಮರುವರ್ಷ ಹೂ ಬಿಡುತ್ತವೆ. ಯೂರೋಪ್ ಜಾತಿಯ ಕ್ಯಾರೆಟ್‌ಗೆ ಹೂ ಬರಬೇಕಾದರೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ವಾರಗಟ್ಟಲೆ ತಾಗಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೂ ನಮ್ಮ ಮಾಗಿಯ ಚಳಿ ಅಷ್ಟು ಕಟುವಲ್ಲ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರಂದು 7.8 ಡಿಗ್ರಿ. ಅದು ನೂರಾರು ವರ್ಷಕ್ಕೊಮ್ಮೆ ನೆನೆಯುವ ಚಳಿ, ದಿನವೂ ಬೀಳುವುದಲ್ಲ. ಹೀಗಾಗಿ ಯೂರೋಪ್ ಜಾತಿಯ ಕ್ಯಾರೆಟ್, ಬೀಟ್‌ರೂಟ್‌ಗಳು ನಮ್ಮ ಬಯಲಿನಲ್ಲಿ ಮೊದಲ ಹಂಗಾಮಿನಲ್ಲೇ ಹೂ ಬಿಡುವುದು ಅಪರೂಪ. ಅವುಗಳ ಬೀಜ ಬೆಳೆಯಬೇಕಾದರೆ ಹಿಮಾಚಲದ ಕುಲು ಕಣಿವೆಯಂಥ ತಂಪು ಪ್ರದೇಶವೇ ಆಗಬೇಕು.

ಮೂಲಂಗಿಯ ಸ್ವಭಾವ ಬೇರೆ. ನಮ್ಮ ಏಷ್ಯಾದ ಜಾತಿಗಳು ಒಂದೇ ಹಂಗಾಮಿನಲ್ಲಿ ಗೆಡ್ಡೆ ಕಟ್ಟಿ, ಹೂ ಬಿಟ್ಟು, ಬೀಜವನ್ನೂ ಕೊಡುತ್ತವೆ. ಅವಕ್ಕೆ ಬೆಟ್ಟದ ಚಳಿ ಬೇಕಿಲ್ಲ. ಮೇಲಾಗಿ ಮೂಲಂಗಿ ಚಳಿಯನ್ನು ಮೊಳಕೆಯಲ್ಲಿರುವಾಗಲೇ ಗುರುತಿಟ್ಟುಕೊಳ್ಳುತ್ತದೆ. ಆದುದರಿಂದ ನೆನೆಸಿದ ಬೀಜವನ್ನು ಬಿತ್ತನೆ ತಡವಾಯಿತೆಂದು ಫ್ರಿಜ್ಜಿನಲ್ಲಿ ಇಡಬೇಡಿ. ಹೂವಿಗೆ ನೀವೇ ಕರೆ ಕೊಟ್ಟಂತೆ. ಒಣಗಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ತಂಪಾಗಿಡುವುದಕ್ಕೆ ಅಡ್ಡಿಯಿಲ್ಲ.

ಒಟ್ಟಿನಲ್ಲಿ ಇಷ್ಟು ನೆನಪಿರಲಿ: ಕ್ಯಾರೆಟ್ ಮೊದಲೇ ಹೂ ಬಿಟ್ಟರೆ ಬೀಜದ ಪೊಟ್ಟಣವನ್ನು ಕೇಳಿ, ಮೂಲಂಗಿ ಮೊದಲೇ ಹೂ ಬಿಟ್ಟರೆ ಪೊಟ್ಟಣವನ್ನೂ ಕೇಳಿ, ಪಂಚಾಂಗವನ್ನೂ ಕೇಳಿ.

ಬೀಜದ ಆಯ್ಕೆ

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಈ ಬೆಳೆಗಳಿಗೆ ಹೇಳಿಸಿದ ಹಾಗಿದೆ. ಅಂಗಡಿಯಲ್ಲಿ ‘ಮೂಲಂಗಿ ಬೀಜ ಕೊಡಿ’ ಎಂದಷ್ಟೇ ಕೇಳಿದರೆ ಸಾಲದು. ಯಾವ ತಳಿ, ಯಾವ ಹಂಗಾಮಿಗೆ, ಎಷ್ಟು ದಿನಕ್ಕೆ ಕೊಯ್ಲು ಎಂದು ಕೇಳಬೇಕು.

ಪೀಣ್ಯದಿಂದ ತುಸು ಆಚೆ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ. ಅಲ್ಲಿ ಬಿಡುಗಡೆ ಮಾಡಿದ ‘ಅರ್ಕಾ ನಿಶಾಂತ್’ ಮೂಲಂಗಿಯನ್ನು ಈ ತೊಂದರೆ ಕಾಣುವವರು ಪ್ರಯೋಗಿಸಿ ನೋಡಬೇಕು. ಉದ್ದನೆಯ ಬಿಳಿ ಗೆಡ್ಡೆ, ಖಾರ ಕಡಿಮೆ, 50ರಿಂದ 55 ದಿನದ ಅವಧಿ. ಬೆಂಡಾಗುವುದು, ಕವಲೊಡೆಯುವುದು, ಅಕಾಲದಲ್ಲಿ ಹೂ ಬಿಡುವುದು—ಈ ಮೂರನ್ನೂ ತಡೆದುಕೊಳ್ಳುವ ಗುಣ ಅದಕ್ಕಿದೆ. ದೆಹಲಿಯ ಪೂಸಾ ಸಂಸ್ಥೆಯ ‘ಪೂಸಾ ಚೇತ್ಕಿ’ ಬಿಸಿಲು ಮತ್ತು ಮಳೆಯ ತಿಂಗಳುಗಳಿಗೆಂದೇ ತಯಾರಾದ ತಳಿ, ಬೇಗ ಬರುತ್ತದೆ. ‘ಜಪಾನೀಸ್ ವೈಟ್’ ತಂಪು ತಿಂಗಳುಗಳ ತಳಿ. ಅದನ್ನು ಬೇಸಿಗೆಯಲ್ಲಿ ಬಿತ್ತಿ ಗೆಡ್ಡೆ ಸರಿಯಾಗಿ ಬರಲಿಲ್ಲವೆಂದು ಮಣ್ಣನ್ನು ದೂರಿ ಫಲವಿಲ್ಲ.

ಕ್ಯಾರೆಟ್‌ನಲ್ಲಿ ಎರಡು ಬಣಗಳಿವೆ. ನಾಂಟಿಸ್, ಶಾಂಟನೆಯಂಥವು ಯೂರೋಪ್ ಬಣ. ಕಿತ್ತಳೆ ಬಣ್ಣ, ಚಳಿ ತಾಗದೆ ಹೂ ಬಿಡದ ಜಾತಿ. ‘ಪೂಸಾ ಕೇಸರ್’, ‘ಪೂಸಾ ಮೇಘಾಲಿ’ಯಂಥವು ಬಯಲಿನಲ್ಲೇ ಬೀಜ ಕಟ್ಟಬಲ್ಲ ಬಣ. ಹೆಸರಘಟ್ಟದ ‘ಅರ್ಕಾ ಸೂರಜ್’ ಕೂಡ ನಮ್ಮ ಹವೆಯಲ್ಲೇ ಹೂವಾಗಿ ಬೀಜ ಕೊಡುತ್ತದೆ. ಬಯಲಿನಲ್ಲಿ ಬೀಜವಾಗುವುದು ಒಳ್ಳೆಯ ಗುಣವೇ. ಬೀಜಕ್ಕೆ ಹಿಮಾಚಲದತ್ತ ನೋಡಬೇಕಿಲ್ಲ. ಆದರೆ ಇಂಥ ತಳಿಯನ್ನು ಅವಧಿ ಮೀರಿ ಮಡಿಯಲ್ಲಿ ಬಿಟ್ಟರೆ ಅದು ಸುಮ್ಮನೆ ಕೂರುವುದಿಲ್ಲ, ಹೂವಿಗೆ ಹೊರಡುತ್ತದೆ. ನೀವು ಬಿತ್ತುತ್ತಿರುವುದು ಯಾವ ಬಣದ್ದೆಂದು ಗೊತ್ತಿದ್ದರೆ ಕೊಯ್ಲಿನ ದಿನವೂ ಗೊತ್ತಾಗುತ್ತದೆ.

ಪೊಟ್ಟಣದ ಮೇಲೆ ಅಚ್ಚಾದ ಬಿತ್ತನೆಯ ತಿಂಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಎಷ್ಟೋ ಪೊಟ್ಟಣಗಳ ಮೇಲಿರುವುದು ಉತ್ತರ ಭಾರತದ ಬಯಲಿನ ಲೆಕ್ಕ. ಅಲ್ಲಿ ಜೂನಿನ ಬಿಸಿಲು ಬೇರೆ, ಡಿಸೆಂಬರಿನ ಚಳಿ ಬೇರೆ. ನಮ್ಮ ಆನೇಕಲ್ಲಿಗೂ ಹೊಸಕೋಟೆಗೂ ಹೊಂದುವ ತಿಂಗಳನ್ನು ರೈತ ಸಂಪರ್ಕ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲೋ ಕೇಳಿ ಗಟ್ಟಿಮಾಡಿಕೊಳ್ಳಿ. ನಿಮ್ಮೂರಿನಲ್ಲಿ ಹತ್ತಾರು ವರ್ಷ ತರಕಾರಿ ಬೆಳೆದ ಹಿರಿಯರ ಮಾತನ್ನೂ ಕೇಳಿ.

ಮೊದಲು ಹೂ ಬಿಟ್ಟ ಗಿಡದ ಬೀಜ ಬೇಡ

ಮನೆಯಲ್ಲೇ ಬೀಜ ಮಾಡಿಕೊಳ್ಳುವವರು ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮಡಿಯಲ್ಲಿ ಎಲ್ಲಕ್ಕಿಂತ ಮುಂಚೆ ಹೂ ಬಿಟ್ಟ ನಾಲ್ಕು ಗಿಡಗಳನ್ನು ‘ಹೇಗೂ ಹೋಯಿತು, ಬೀಜಕ್ಕಾದರೂ ಆಗಲಿ’ ಎಂದು ಬಿಡುವ ವಾಡಿಕೆಯಿದೆ. ಕೇಳುವುದಕ್ಕೆ ಉಳಿತಾಯದ ಮಾತು. ನಿಜದಲ್ಲಿ ಕುಲವನ್ನೇ ಕೆಡಿಸುವ ದಾರಿ. ಬೇಗ ಹೂ ಬಿಡುವುದು ಹುಟ್ಟುಗುಣವಾದರೆ ಅದರ ಬೀಜಕ್ಕೂ ಅದೇ ಗುಣ ಇಳಿಯುತ್ತದೆ. ವರ್ಷವರ್ಷವೂ ಹೀಗೆ ಮಾಡುತ್ತ ಬಂದರೆ ಗೆಡ್ಡೆಯ ತಳಿ ಹೋಗಿ ಹೂವಿನ ತಳಿ ಮನೆಯಲ್ಲಿ ಉಳಿಯುತ್ತದೆ. ಹಸುವಿನ ಕರು ಉಳಿಸಿಕೊಳ್ಳುವಾಗ ಹಾಲು ಕಡಿಮೆಯ ತಾಯಿಯದನ್ನೇ ಹುಡುಕಿ ಯಾರೂ ಉಳಿಸಿಕೊಳ್ಳುವುದಿಲ್ಲವಷ್ಟೆ?

ಸರಿಯಾದ ಕ್ರಮ ಇದು. ಮೊದಲು ಹೂದಂಟು ಎತ್ತಿದ ಗಿಡಗಳನ್ನು ಹೂ ಅರಳುವ ಮುನ್ನವೇ ಕಿತ್ತುಹಾಕಿ. ಜೇನುಹುಳು ಅದರ ಪರಾಗವನ್ನು ಬೇರೆ ಗಿಡಗಳಿಗೆ ಒಯ್ಯಬಾರದು. ಕೊಯ್ಲಿನ ದಿನ ಎಲ್ಲ ಗೆಡ್ಡೆಗಳನ್ನೂ ಕಿತ್ತು ರಾಶಿ ಹಾಕಿ, ನೇರವಾಗಿ ಬೆಳೆದ, ಕವಲಿಲ್ಲದ, ಬೆಂಡಿಲ್ಲದ, ಹೂದಂಟಿನ ಸುಳಿವೇ ಇಲ್ಲದ ಗೆಡ್ಡೆಗಳನ್ನು ಆರಿಸಿ. ಕೆಲವನ್ನಲ್ಲ, ಐವತ್ತು ಅರುವತ್ತನ್ನಾದರೂ ಆರಿಸಬೇಕು. ಇಲ್ಲವಾದರೆ ಕ್ರಮೇಣ ಕುಲದ ಕಸುವು ಕುಗ್ಗುತ್ತದೆ. ತುದಿಯ ಬೇರಿನ ಒಂದಿಷ್ಟು ಭಾಗ ಕತ್ತರಿಸಿ, ಸುಳಿಯನ್ನು ಉಳಿಸಿಕೊಂಡು ಎಲೆಗಳನ್ನು ಸವರಿ, ಬೇರೆ ಮಡಿಯಲ್ಲಿ ಮತ್ತೆ ನೆಟ್ಟು ನೀರು ಕೊಡಿ. ಇವು ಕೊಡುವ ಬೀಜವೇ ಮನೆಗೆ ಯೋಗ್ಯವಾದದ್ದು.

ಮೂಲಂಗಿಯಲ್ಲಿ ಪರಕೀಯ ಪರಾಗಸ್ಪರ್ಶ ನಡೆಯುವುದರಿಂದ ಪ್ರಮಾಣಿತ ಬೀಜ ಬೆಳೆಯುವವರು ಬೇರೆ ತಳಿಯಿಂದ 1,000 ಮೀಟರ್ ದೂರ ಇಡಬೇಕೆಂಬ ನಿಯಮವಿದೆ. ಗುಂಟೆ ಲೆಕ್ಕದ ನಮ್ಮ ಜಮೀನಿನಲ್ಲಿ ಒಬ್ಬರಿಂದ ಇದು ಆಗದ ಮಾತು. ಊರಿನವರೆಲ್ಲ ಕೂಡಿ ಬೀಜಕ್ಕೆ ಒಂದೇ ತಳಿ ಎಂದು ಒಪ್ಪಿಕೊಂಡರೆ ಆಗುವ ಮಾತು. ಸಂಕರ ತಳಿಯ ಬೀಜವನ್ನು ಮಾತ್ರ ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಮುಂದಿನ ಪೀಳಿಗೆಯಲ್ಲಿ ಗುಣಗಳು ಒಡೆದು ಚೆದುರುತ್ತವೆ.

ಕಾಂಪೌಂಡಿನ ದೀಪವೂ ಒಂದು ಹಗಲು

ಎರಡನೆಯ ಸೂಚನೆ ಹಗಲಿನ ಉದ್ದ. ಗಿಡಗಳು ಹಗಲು ರಾತ್ರಿಗಳನ್ನು ಅಳೆದು ಹೂ ಬಿಡುತ್ತವೆಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಮೂಲಂಗಿ ಹಗಲು ಉದ್ದವಾದಂತೆ ಹೂವಿಗೆ ಅವಸರಪಡುವ ಗುಂಪಿಗೆ ಸೇರಿದ್ದು. ಬೆಂಗಳೂರಿನಲ್ಲಿ ಡಿಸೆಂಬರಿನ ಹಗಲು ಸುಮಾರು 11 ಗಂಟೆ 20 ನಿಮಿಷ. ಜೂನಿನದು ಸುಮಾರು 12 ಗಂಟೆ 50 ನಿಮಿಷ. ದೆಹಲಿಯಲ್ಲಿ ಜೂನಿನ ಹಗಲು 14 ಗಂಟೆಯ ಹತ್ತಿರ. ಅಂದರೆ ನಮ್ಮ ಸೂರ್ಯ ಮೂಲಂಗಿಯನ್ನು ಹೆಚ್ಚಾಗಿ ಕೆಣಕುವವನಲ್ಲ.

ಆದರೆ ಇಲ್ಲಿ ಸೂರ್ಯನೊಬ್ಬನೇ ಇಲ್ಲ. ಕಾರ್ಖಾನೆ, ಗೋದಾಮು, ಕಂಪನಿಗಳ ಕಾಂಪೌಂಡಿನ ದೀಪಗಳು, ರಸ್ತೆಯ ಹೈಮಾಸ್ಟ್ ಕಂಬಗಳು ರಾತ್ರಿಯಿಡೀ ಪಕ್ಕದ ಹೊಲಕ್ಕೆ ಬೆಳಕು ಚೆಲ್ಲುತ್ತವೆ. ಬೆಳದಿಂಗಳಿಗೆ ಗಿಡ ಮೋಸ ಹೋಗುವುದಿಲ್ಲ. ಆದರೆ ದೀಪದ ಬುಡದ ಬೆಳಕು ಬೆಳದಿಂಗಳಿಗಿಂತ ಹತ್ತಾರು ಪಟ್ಟು ಹೆಚ್ಚು. ಇದನ್ನು ನಂಬಲಾಗದವರು ಹೊಸೂರು, ದೊಡ್ಡಬಳ್ಳಾಪುರದ ಕಡೆಯ ಸೇವಂತಿಗೆ ಬೆಳೆಗಾರರನ್ನು ಕೇಳಿ. ಪಾಲಿಹೌಸಿನಲ್ಲಿ ರಾತ್ರಿ ಬಲ್ಬು ಉರಿಸಿ ಅವರು ಸೇವಂತಿಗೆಯ ಹೂವನ್ನು ತಡೆಹಿಡಿಯುತ್ತಾರೆ. ದಂಟು ಉದ್ದವಾದ ಮೇಲೆ ಬಲ್ಬು ಆರಿಸಿ ಹೂ ಬರಿಸುತ್ತಾರೆ. ಸೇವಂತಿಗೆ ಉದ್ದ ರಾತ್ರಿ ಬಯಸುವ ಗಿಡ, ಆದುದರಿಂದ ದೀಪಕ್ಕೆ ಹೂವು ಹಿಂದೆ ಸರಿಯುತ್ತದೆ. ಮೂಲಂಗಿ ಉದ್ದ ಹಗಲು ಬಯಸುವ ಗಿಡ, ಅದಕ್ಕೆ ದೀಪ ಉರಿದರೆ ಹೂವು ಮುಂದಕ್ಕೆ ಬರುತ್ತದೆ. ಜಪಾನಿನಲ್ಲಿ ಬೀದಿದೀಪದ ಹತ್ತಿರದ ಭತ್ತ ತಡವಾಗಿ ತೆನೆ ಬಿಡುವುದನ್ನೂ ಸ್ಪಿನಾಚ್ ಸೊಪ್ಪು ಬೇಗ ದಂಟು ಎತ್ತುವುದನ್ನೂ ಸಂಶೋಧಕರು ಅಭ್ಯಾಸ ಮಾಡಿದ್ದಾರೆ.

ನಿಮ್ಮ ಹೊಲದಲ್ಲಿ ಹೀಗಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಹೂದಂಟು ಎದ್ದ ಗಿಡಗಳು ಹೊಲದ ತುಂಬ ಚೆದುರಿದ್ದರೆ ತಪ್ಪು ಬೀಜದ್ದು ಅಥವಾ ಹಂಗಾಮಿನದು. ದೀಪದ ಕಂಬದ ಸುತ್ತ ಗುಂಪುಗೂಡಿ, ದೂರ ಹೋದಂತೆ ಕಡಿಮೆಯಾದರೆ ಅನುಮಾನ ದೀಪದ ಮೇಲೆ. ರಾತ್ರಿ ಒಮ್ಮೆ ಹೋಗಿ ನಿಂತು, ನಿಮ್ಮ ನೆರಳು ಸ್ಪಷ್ಟವಾಗಿ ಬೀಳುವ ಜಾಗದ ಅಂಚಿಗೆ ಗೂಟ ಹೊಡೆದುಬನ್ನಿ. ಆ ಪಟ್ಟಿಯಲ್ಲಿ ಮೂಲಂಗಿಯ ಬದಲು ಹಗಲಿನ ಉದ್ದಕ್ಕೆ ಅಷ್ಟಾಗಿ ಜಗ್ಗದ ಟೊಮೆಟೊ, ಬದನೆ ಹಾಕಿ. ಜೊತೆಗೆ ದೀಪದ ಬೆಳಕು ಕೆಳಮುಖವಾಗಿ ತಮ್ಮ ಅಂಗಳಕ್ಕೆ ಮಾತ್ರ ಬೀಳುವಂತೆ ಮರೆ ಕಟ್ಟಿಸಿರೆಂದು ಕಾರ್ಖಾನೆಯವರನ್ನೂ ಪಂಚಾಯಿತಿಯವರನ್ನೂ ಲಿಖಿತವಾಗಿ ಕೇಳಿ. ಒಂದು ತಗಡಿನ ಮರೆ ದೊಡ್ಡ ಖರ್ಚಿನದಲ್ಲ. ಒಬ್ಬರು ಕೇಳುವುದಕ್ಕಿಂತ ಹತ್ತು ಮಂದಿ ಸಹಿ ಮಾಡಿ ಕೇಳಿದರೆ ಮಾತಿಗೆ ತೂಕ ಬರುತ್ತದೆ.

ಗಿಡಕ್ಕೆ ಕಷ್ಟ ಕೊಡಬೇಡಿ

ಮೂರನೆಯ ಸೂಚನೆ ಕಷ್ಟ. ಬಾಯಾರಿದ, ಇಕ್ಕಟ್ಟಿನಲ್ಲಿ ಸಿಕ್ಕ, ಬಿಸಿಲಿಗೆ ಬೆಂದ ಗಿಡ ತನ್ನ ಕಾಲ ಮುಗಿಯಿತೆಂದು ಎಣಿಸಿ ಬೀಜ ಮಾಡಿ ಹೋಗಲು ಅವಸರಪಡುತ್ತದೆ. ಆದುದರಿಂದ ಬೇಸಾಯ ಕ್ರಮದಲ್ಲಿ ಈ ಅಂಶಗಳನ್ನು ಗಮನಿಸಿ.

ಭೂಮಿಯನ್ನು ಒಂದು ಅಡಿ ಆಳಕ್ಕೆ ಸಡಿಲವಾಗಿ ಹದಮಾಡಿ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಹಸಿ ಗೊಬ್ಬರಕ್ಕೆ ಗೆಡ್ಡೆ ಕವಲೊಡೆಯುತ್ತದೆ. ಕಟ್ಟಡದ ಕಲ್ಲುಚೂರು, ಸಿಮೆಂಟಿನ ಹೆಂಟೆ ಬಿದ್ದ ನೆಲವಾದರೆ ಆರಿಸಿ ತೆಗೆಯದೆ ಬಿತ್ತಬೇಡಿ.

ಮೂಲಂಗಿಯನ್ನು ಏರುಸಾಲಿನ ಮೇಲೆ ಸಾಲಿಗೆ ಒಂದೂವರೆ ಅಡಿ ಅಂತರದಲ್ಲಿ, ಬೆರಳ ಅರ್ಧ ಗಿಣ್ಣಿನಷ್ಟು ಆಳಕ್ಕೆ ಬಿತ್ತಿ. ಎಕರೆಗೆ ಸುಮಾರು 4 ಕಿಲೋ, ಅಂದರೆ ಗುಂಟೆಗೆ 100 ಗ್ರಾಂ ಬೀಜ ಸಾಕು. ಮೊಳೆತ ಎರಡು ವಾರದೊಳಗೆ ಹೆಚ್ಚಿನ ಸಸಿಗಳನ್ನು ಕಿತ್ತು ಗಿಡದಿಂದ ಗಿಡಕ್ಕೆ 8ರಿಂದ 10 ಸೆಂಟಿಮೀಟರ್ ಬಿಡಿ. ಕಿತ್ತ ಎಳೆ ಸೊಪ್ಪು ಸಾರಿಗೆ ಒದಗುತ್ತದೆ. ಬೀಟ್‌ರೂಟಿನ ಒಂದು ಬೀಜವೆಂದರೆ ಹಲವು ಬೀಜಗಳ ಗಂಟು. ಅಲ್ಲಿ ಸಸಿ ವಿರಳಗೊಳಿಸುವುದು ಇನ್ನೂ ಮುಖ್ಯ. ಕ್ಯಾರೆಟ್, ಮೂಲಂಗಿ ಸಸಿಗಳನ್ನು ಕಿತ್ತು ನಾಟಿ ಮಾಡಬೇಡಿ; ಬಿತ್ತಿದ ಜಾಗದಲ್ಲೇ ಬೆಳೆಯಲಿ.

ನೀರು ಕಡಿಮೆಯಿದ್ದರೆ ಜಮೀನನ್ನು ಕಡಿಮೆ ಮಾಡಿ, ನೀರಿನ ಸರದಿಯನ್ನು ಕಡಿಮೆ ಮಾಡಬೇಡಿ. ಹತ್ತು ಗುಂಟೆಗೆ ಸಾಲದ ನೀರು ಐದು ಗುಂಟೆಯ ಮೂಲಂಗಿಯನ್ನು ಚೆನ್ನಾಗಿ ಸಾಕುತ್ತದೆ. ಒಂದು ವಾರ ಒಣಗಿಸಿ ಮರುವಾರ ಮುಳುಗಿಸಿದರೆ ಗೆಡ್ಡೆ ಸೀಳುತ್ತದೆ, ಬೆಂಡಾಗುತ್ತದೆ. ತರಗು ಅಥವಾ ಒಣ ಹುಲ್ಲಿನ ಹೊದಿಕೆ ಬೇಸಿಗೆಯಲ್ಲಿ ಅರ್ಧ ಕಾವಲುಗಾರನಿದ್ದಂತೆ. ಯೂರಿಯಾ ಮಿತಿಯಲ್ಲಿರಲಿ, ಹೆಚ್ಚಾದರೆ ಸೊಪ್ಪು ಹುಲುಸು, ಗೆಡ್ಡೆ ಸೊರಗು.

ಇಲ್ಲಿ ಒಂದು ಎಚ್ಚರಿಕೆ. ಬೆಳೆ ಮಂಕಾಯಿತೆಂದು ಅಂಗಡಿಯಿಂದ ‘ಟಾನಿಕ್’ ತಂದು ಹೊಡೆಯುವವರು ಅದರ ಚೀಟಿ ಓದಿ. ಅದರಲ್ಲಿ ಜಿಬ್ಬರೆಲಿಕ್ ಆಮ್ಲ ಇದ್ದರೆ ಗೆಡ್ಡೆ ತರಕಾರಿಗೆ ಬೇಡ. ದ್ರಾಕ್ಷಿಯಂಥ ಬೆಳೆಗಳಲ್ಲಿ ಅದಕ್ಕೆ ತಕ್ಕ ಉಪಯೋಗವಿದೆ, ನಿಜ. ಆದರೆ ಚಳಿಯೇ ತಾಗದ ಕ್ಯಾರೆಟ್‌ಗೂ ಜಿಬ್ಬರೆಲಿನ್ ಕೊಟ್ಟರೆ ಹೂದಂಟು ಏಳುತ್ತದೆಂದು ಆಂಟನ್ ಲ್ಯಾಂಗ್ ಎಂಬ ವಿಜ್ಞಾನಿ 1957ರಲ್ಲೇ ತೋರಿಸಿಕೊಟ್ಟಿದ್ದಾರೆ. ದುಡ್ಡು ಕೊಟ್ಟು ಹೂವನ್ನು ಬರಮಾಡಿಕೊಳ್ಳುವುದು ಯಾವ ಜಾಣತನ?

ಕೊಯ್ಲಿನ ದಿನ

ಕೊನೆಯ ತೀರ್ಮಾನ ಕೊಯ್ಲಿನದು. ಬೀಜ, ಕಾಲ, ನೀರು ಎಲ್ಲ ಸರಿಯಿದ್ದೂ ಬೆಳೆ ಕೆಡುವುದು ಇಲ್ಲೇ. ಇಂದು ಬೆಲೆ ಬಿದ್ದಿದೆ, ಇನ್ನೆಂಟು ದಿನ ಇರಲಿ ಎಂದು ಕಾಯುತ್ತೇವೆ. ಮೂಲಂಗಿ ನಮ್ಮ ಬೆಲೆಗೆ ಕಾಯುವುದಿಲ್ಲ. ಹೊರಗಿನ ಎಲೆಯ ದಂಟನ್ನು ಮುರಿದು ನೋಡಿ. ಒಳಗೆ ಟೊಳ್ಳು ಕಂಡರೆ ಗೆಡ್ಡೆಯೂ ಬೆಂಡಾಗತೊಡಗಿದೆಯೆಂದು ಅನುಮಾನಿಸಿ ಒಂದನ್ನು ಕಿತ್ತು ಸೀಳಿ ನೋಡಿ. ನಡುವಿನ ಸುಳಿ ನೆಟ್ಟಗಾಗಿ, ಹೊಸ ಎಲೆಗಳು ಕಿರಿದಾಗಿ ಬರತೊಡಗಿದರೆ ಹೂದಂಟು ಹೊರಟಿದೆಯೆಂದೇ ಅರ್ಥ. ಮರುದಿನವೇ ಕೀಳಿ.

ಬೆಲೆಯ ಏರಿಳಿತಕ್ಕೆ ಉತ್ತರ ಕಾಯುವುದಲ್ಲ, ಹಂಚಿ ಬಿತ್ತುವುದು. ಇಪ್ಪತ್ತು ಗುಂಟೆಯನ್ನು ಒಂದೇ ದಿನ ಬಿತ್ತುವ ಬದಲು ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ನಾಲ್ಕು ಕಂತುಗಳಲ್ಲಿ ಬಿತ್ತಿ. ಎಲ್ಲ ಕಂತೂ ಒಂದೇ ಬೆಲೆಗೆ ಸಿಕ್ಕಿ ಬೀಳುವುದಿಲ್ಲ. ಊರ ಸುತ್ತ ಬೆಳೆದಿರುವ ಬಡಾವಣೆಗಳಿಂದ ನಮಗೆ ಕಷ್ಟ ಬಂದಿರಬಹುದು. ಆದರೆ ಬೆಳಿಗ್ಗೆ ಕಿತ್ತ ತಾಜಾ ಮೂಲಂಗಿಗೆ ಗಿರಾಕಿಯೂ ಅಲ್ಲೇ ಇದ್ದಾನೆ. ಸ್ವಲ್ಪ ಸ್ವಲ್ಪವಾಗಿ ಬರುವ ಮಾಲನ್ನು ಅಲ್ಲಿಗೆ ಒಯ್ಯುವುದು ಸುಲಭ.

ಇಷ್ಟಾದರೂ ಕೆಲವು ಗಿಡ ಹೂವಾದರೆ ದಂಟನ್ನು ಚಿವುಟಿ ಗೆಡ್ಡೆ ಸರಿಹೋದೀತೆಂದು ಕಾಯಬೇಡಿ. ಅದು ಆಗದ ಕೆಲಸ. ಮೂಲಂಗಿಯ ಎಳೆಯ ಕಾಯಿ ಪಲ್ಯಕ್ಕೆ ರುಚಿ. ಸಂತೆಯಲ್ಲಿ ಕೇಳುವವರೂ ಇದ್ದಾರೆ. ಉಳಿದ ಸೊಪ್ಪನ್ನು ದನಗಳಿಗೆ ಒಣ ಮೇವಿನೊಂದಿಗೆ ಬೆರೆಸಿ ಮಿತವಾಗಿ ಹಾಕಿ. ಹೆಚ್ಚಾದರೆ ಹಾಲಿಗೆ ವಾಸನೆ ಬರುತ್ತದೆ.

ಬೀಜ ಮಾರುವವರ ಹೊಣೆ

ಎಲ್ಲ ಹೊಣೆಯೂ ರೈತನದೇ ಎಂದರೆ ಅನ್ಯಾಯವಾದೀತು. ಹಂಗಾಮಿಗೆ ಹೊಂದದ ಬೀಜವನ್ನು ಹಂಗಾಮಿನ ಹೆಸರು ಹೇಳಿ ಮಾರುವುದು, ಸಡಿಲು ಬೀಜವನ್ನು ಸೇರಿನಲ್ಲಿ ಅಳೆದು ಕೊಡುವುದು ನಿಲ್ಲಬೇಕು. 1966ರ ಬೀಜ ಕಾಯ್ದೆ ಬಂದದ್ದೇ ಪೊಟ್ಟಣದ ಚೀಟಿಯಲ್ಲಿ ಬರೆದದ್ದು ಒಳಗಿನ ಬೀಜಕ್ಕೆ ಹೊಂದಿರಲೆಂದು. ಪ್ರಮಾಣಿತ ಮೂಲಂಗಿ ಬೀಜ ನೂರಕ್ಕೆ 70, ಕ್ಯಾರೆಟ್ ಬೀಜ ನೂರಕ್ಕೆ 60 ಮೊಳೆಯಲೇಬೇಕು. ಇದಲ್ಲದೆ ಯಾವ ತಿಂಗಳು ಬಿತ್ತಬೇಕೆಂಬುದನ್ನು ನಮ್ಮ ಜಿಲ್ಲೆಗಳ ಲೆಕ್ಕದಲ್ಲಿ, ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದು ನಾವು ಒತ್ತಾಯಿಸುತ್ತೇವೆ. ಎರಡು ಸಾಲಿನ ಈ ಅಚ್ಚು ಎಷ್ಟೋ ಮಡಿಗಳನ್ನು ಉಳಿಸೀತು.

ಬೀಜ ಕೊಂಡಾಗ ರಸೀದಿ ಕೇಳಿ ಪಡೆಯಿರಿ. ಖಾಲಿ ಪೊಟ್ಟಣವನ್ನು ಎಸೆಯದೆ, ಒಂದು ಚಿಟಿಕೆ ಬೀಜ ಉಳಿಸಿ ಅದರಲ್ಲೇ ಮಡಚಿಡಿ. ಬಿತ್ತಿದ ದಿನ, ಮೊದಲ ಹೂದಂಟು ಕಂಡ ದಿನ ಬರೆದಿಡಿ. ಬೀಜದಿಂದಲೇ ನಷ್ಟವಾದರೆ ರೈತನು ಗ್ರಾಹಕನಾಗಿ ಪರಿಹಾರ ಕೇಳಬಹುದೆಂದು ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ, ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ಎತ್ತಿಹಿಡಿದಿದೆ. ಆದರೆ ಹಕ್ಕಿದ್ದರೆ ಸಾಲದು, ಕೈಯಲ್ಲಿ ಕಾಗದವೂ ಇರಬೇಕು.

ವಾಚನಾಲಯದಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮಲ್ಲಿ ಒಂದು ಸಲಹೆ. ಈ ಬಾರಿ ನಾಲ್ಕೈದು ಮಂದಿ ಸೇರಿ ಎರಡು ಮೂರು ತಳಿಗಳ ಬೀಜ ತನ್ನಿ. ಹೆಸರಘಟ್ಟದ ತೋಟಗಾರಿಕಾ ಮೇಳ, ಜಿ.ಕೆ.ವಿ.ಕೆ.ಯ ಕೃಷಿ ಮೇಳಗಳಿಗೆ ಹೋದಾಗ ವಿಚಾರಿಸಿ ತರುವುದು ಇನ್ನೂ ಒಳ್ಳೆಯದು. ಒಂದೊಂದು ಗುಂಟೆಯಲ್ಲಿ ಒಂದೇ ದಿನ ಬಿತ್ತಿ, ಐವತ್ತನೆಯ ದಿನ ಎಲ್ಲರೂ ಕೂಡಿ ನೋಡಿ: ನೂರು ಗಿಡಕ್ಕೆ ಎಷ್ಟು ಹೂದಂಟು, ಹತ್ತು ಗೆಡ್ಡೆ ಸೀಳಿದರೆ ಎಷ್ಟಕ್ಕೆ ಬೆಂಡು. ಆ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಇದೇ ವಾಚನಾಲಯದ ಗೋಡೆಗೆ ಅಂಟಿಸಿ. ದೂರದ ಊರಿನಲ್ಲಿ ಬರೆದ ಯಾವ ಪುಸ್ತಕಕ್ಕಿಂತಲೂ ನಿಮ್ಮ ಊರಿನ ಮಣ್ಣು, ನೀರು, ದೀಪಗಳ ನಡುವೆ ಬಂದ ಆ ಲೆಕ್ಕ ನಿಮಗೆ ಹೆಚ್ಚು ನಿಜ.

ಜಮೀನು ಕುಗ್ಗುತ್ತಿರುವ ಕಾಲದಲ್ಲಿ ಒಂದು ಗುಂಟೆಯ ಬೆಳೆ ಉಳಿಸಿಕೊಳ್ಳುವುದೂ ದೊಡ್ಡ ಸಾಧನೆಯೇ. ಬೀಜ ಕೈಗೆ ತೆಗೆದುಕೊಳ್ಳುವ ಮುನ್ನ ಕೇಳಿ, ಮೊದಲು ಹೂ ಬಿಟ್ಟದ್ದನ್ನು ಕೀಳಿ, ಕೊಯ್ಲಿನ ದಿನ ಮೀರಬೇಡಿ.